ಮಗು ಓದಿದ ಶಾಲೆ, ರಾಜ್ಯ ಎಣಿಸುವ ವರ್ಷ: ಕಾಲೇಜು ಪ್ರವೇಶದ ಅಧ್ಯಯನಗಳು ಗಡಿಯಿಂದ ಕಂಡಂತೆ

ಫಲಿತಾಂಶದ ತಿಂಗಳು ಬಂತೆಂದರೆ ಕರ್ನಾಟಕದ ಗಡಿಗೆ ಅಂಟಿದ ಆಂಧ್ರದ ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಕನ್ನಡ ಶಾಲೆಗೆ ಹಾಕಿದ್ದರಿಂದ ಮಗುವಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಈ ಮಾತು ಜಗಲಿಯಿಂದ ಪತ್ರಿಕೆಯ ಅಂಕಣಕ್ಕೂ ಸರ್ಕಾರದ ಆದೇಶಕ್ಕೂ ಏರಿ ಬಹಳ ಕಾಲವಾಯಿತು. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಒಂದರಿಂದ ಎಂಟರವರೆಗಿನ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲು 81ನೇ ಸಂಖ್ಯೆಯ ಆದೇಶ ಹೊರಡಿಸಿದಾಗ ಅದರ ಬೆನ್ನಿಗಿದ್ದದ್ದೂ ಇಂಥದೇ ನಂಬಿಕೆ. 2020ರ ಏಪ್ರಿಲ್ 15ರಂದು ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. ನಂಬಿಕೆ ಮಾತ್ರ ಇನ್ನಷ್ಟು ಗಟ್ಟಿಯಾಯಿತು.

ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳ ಮಕ್ಕಳೊಂದಿಗೆ ಕೆಲಸ ಮಾಡಿ, ಪ್ರವೇಶ ನಿಯಮಗಳನ್ನು ಓದುತ್ತಲೇ ವಯಸ್ಸು ಕಳೆದವನಾಗಿ ನಾನು ಹೇಳಬೇಕಾದದ್ದು ಬೇರೆ. ಪ್ರೌಢಶಾಲೆಯೊಂದು ತನ್ನ ವಿದ್ಯಾರ್ಥಿಯ ಕಾಲೇಜು ಸೀಟನ್ನು ಮೂರು ದಾರಿಯಲ್ಲಿ ನಿರ್ಧರಿಸುತ್ತದೆ. ಅದು ಏನು ಕಲಿಸಿತು ಎಂಬುದು ಒಂದು. ಆ ಮಗುವನ್ನು ಯಾರ ಪಕ್ಕದಲ್ಲಿಟ್ಟು ಅಳೆಯುತ್ತಾರೆ ಎಂಬುದು ಎರಡು. ಶಾಲೆಯ ವಿಳಾಸ ನಿಯಮದ ಯಾವ ಗೆರೆಯೊಳಗೆ ಬೀಳುತ್ತದೆ ಎಂಬುದು ಮೂರು. ಮೊದಲ ಎರಡರ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಸಂಶೋಧನೆ ಇದೆ. ಮೂರನೆಯದನ್ನು ವಿದ್ವಾಂಸರು ವಕೀಲರಿಗೂ ಗುಮಾಸ್ತರಿಗೂ ಬಿಟ್ಟುಕೊಟ್ಟಿದ್ದಾರೆ. ಗಡಿಯ ಮಕ್ಕಳ ಮಟ್ಟಿಗೆ ನಿರ್ಣಾಯಕವಾದದ್ದು ಆ ಮೂರನೆಯದೇ.

ಮೊದಲ ಘಟ್ಟ: ಸಂದರ್ಶನ, ನ್ಯಾಯಾಲಯ, ಕಪ್ಪೆಗಳ ಕೊಳ

ಮೈಸೂರು ರಾಜ್ಯದಲ್ಲಿ ಐವತ್ತು ಅರವತ್ತರ ದಶಕದ ಚರ್ಚೆ ಹೆಚ್ಚಾಗಿ ಜಾತಿಯ ಸುತ್ತ ನಡೆಯಿತು. 1962ರ ಬಾಲಾಜಿ ಪ್ರಕರಣ ಮೀಸಲಾತಿಯ ಮಿತಿಯನ್ನು ಚರ್ಚಿಸಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸಂದರ್ಶನಕ್ಕೆ ಅಂಕ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟು ಒಪ್ಪಿತು. ಸಂದರ್ಶನದಲ್ಲಿ ಮಾತು ಬಲ್ಲ ಪಟ್ಟಣದ ಶಾಲೆಯ ಹುಡುಗನಿಗೆ ಎಷ್ಟು ಅನುಕೂಲವಾಯಿತು ಎಂಬುದನ್ನು ಅಂದು ಎಣಿಸಬೇಕಿತ್ತು. 1971ರ ಚಂಚಲಾ ಪ್ರಕರಣದಲ್ಲಿ ವೈದ್ಯಕೀಯ ಸೀಟುಗಳನ್ನು ವಿಶ್ವವಿದ್ಯಾಲಯವಾರು ಹಂಚುವುದು ಸರಿಯೆಂದು ತೀರ್ಮಾನವಾದಾಗ, ಎಲ್ಲಿ ಓದಿದೆ ಎಂಬ ಪ್ರಶ್ನೆ ಮೊದಲ ಬಾರಿಗೆ ಗಟ್ಟಿಯಾಗಿ ನೆಲೆಗೊಂಡಿತು. ಇತ್ತ 1964–66ರ ಕೊಠಾರಿ ಆಯೋಗ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದುವ ಸಮಾನ ಶಾಲಾ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ಈ ಲೇಖನದ ಬಹುಪಾಲು ಬೇಕಾಗುತ್ತಿರಲಿಲ್ಲ.

ಅಮೆರಿಕದಲ್ಲಿ 1966 ಮುಖ್ಯವಾದ ವರ್ಷ. ಮಕ್ಕಳ ಸಾಧನೆಯ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಪ್ರಯೋಗಾಲಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಕೋಲ್ಮನ್ ವರದಿ ಹೇಳಿತು. ಅದೇ ವರ್ಷ ಜೇಮ್ಸ್ ಡೇವಿಸ್, ದೊಡ್ಡ ಕೊಳದಲ್ಲಿ ಸಣ್ಣ ಕಪ್ಪೆಯಾಗುವುದರ ನಷ್ಟವನ್ನು ಚರ್ಚೆಗೆ ತಂದರು. ಪಾಲ್ ಅಟ್ಟೆವೆಲ್ 2001ರಲ್ಲಿ ಪ್ರೌಢಶಾಲೆಗಳಿಗೇ ಆ ವಾದವನ್ನು ಅನ್ವಯಿಸಿದರು: ಹೆಸರಾಂತ ಶಾಲೆಯಲ್ಲಿ ಓದಿದ ಜಾಣ ಮಕ್ಕಳು ತರಗತಿಯ ಸ್ಥಾನದಲ್ಲಿ ಹಿಂದೆ ಬಿದ್ದು, ಹೆಸರಾಂತ ಕಾಲೇಜಿನ ಪ್ರವೇಶದಲ್ಲಿ ಸೋಲುವುದುಂಟು. ಎಸ್ಪೆನ್‌ಶೇಡ್ ಮತ್ತು ಸಂಗಡಿಗರು 2005ರಲ್ಲಿ ಇದನ್ನೇ ಮತ್ತೆ ಪರೀಕ್ಷಿಸಿದರು. ಟೆಕ್ಸಸ್ ರಾಜ್ಯವಂತೂ 1997ರಲ್ಲೇ ಪ್ರತಿ ಪ್ರೌಢಶಾಲೆಯ ಮೊದಲ ಶೇ 10ರಷ್ಟು ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಕಾನೂನು ಮಾಡಿತ್ತು.

ಈ ವಾದವನ್ನು ನಮ್ಮಲ್ಲಿ ಹಾಗೆಯೇ ಹೇಳುವವರಿದ್ದಾರೆ. ಅದು ಇಲ್ಲಿ ಹೊಂದುವುದಿಲ್ಲ. ನಮ್ಮ ಪ್ರವೇಶ ಪದ್ಧತಿ ಶಾಲೆಯೊಳಗಿನ ಸ್ಥಾನವನ್ನು ಕೇಳುವುದೇ ಇಲ್ಲ; ರಾಜ್ಯಕ್ಕೋ ದೇಶಕ್ಕೋ ಒಂದೇ ರ್‍ಯಾಂಕಿನ ಪಟ್ಟಿ. ಅಗಳಿಯ ಜಿಲ್ಲಾ ಪರಿಷತ್ ಪ್ರೌಢಶಾಲೆಗೆ ಮೊದಲಿಗಳಾದವಳ ಸಾಧನೆ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಎರಡನೆಯ ಘಟ್ಟ: ವಸತಿ ಶಾಲೆಯ ಪ್ರಯೋಗ

ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ತಿರುವು 1970ರ ದಶಕದ ಆರಂಭದ್ದು. ಪಿ. ವಿ. ನರಸಿಂಹರಾವ್ ಅವರ ಕಾಲದಲ್ಲಿ ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ 1971ರಲ್ಲಿ ವಸತಿ ಶಾಲೆ ಆರಂಭವಾಯಿತು. ಮರುವರ್ಷ ಕರಾವಳಿ ಆಂಧ್ರಕ್ಕೆ ತಾಡಿಕೊಂಡ, ರಾಯಲಸೀಮೆಗೆ ಕೊಡಿಗೇನಹಳ್ಳಿ. ಹಿಂದೂಪುರದ ಹತ್ತಿರ, ಪರಿಗಿ ಮಂಡಲದಲ್ಲಿರುವ ಕೊಡಿಗೇನಹಳ್ಳಿ ಮಡಕಶಿರಾಕ್ಕೆ ನೆರೆಯೂರು. ಹಳ್ಳಿಯ ಬಡ ಮಕ್ಕಳು ಪರೀಕ್ಷೆ ಬರೆದು ಆಯ್ಕೆಯಾಗಿ, ಅಲ್ಲಿಯೇ ಉಂಡು ಓದಿ, ಎಂಜಿನಿಯರು, ವೈದ್ಯರು, ಐಎಎಸ್ ಅಧಿಕಾರಿಗಳಾದರು. ಒಂದು ಶಾಲೆ ಮಗುವಿನ ದಾರಿಯನ್ನು ಎಷ್ಟು ಬದಲಿಸಬಲ್ಲದು ಎಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡದ್ದು ಅಲ್ಲಿ. 1986ರ ಶಿಕ್ಷಣ ನೀತಿಯ ಕಾಲದಲ್ಲಿ ಬಂದ ನವೋದಯ ವಿದ್ಯಾಲಯಗಳು ಅದೇ ವಿಚಾರದ ಮುಂದುವರಿಕೆ. ಅವಿಭಜಿತ ಅನಂತಪುರ ಜಿಲ್ಲೆಯ ನವೋದಯ ಲೇಪಾಕ್ಷಿಯಲ್ಲಿದೆ, ಅದರಲ್ಲಿ ಗ್ರಾಮೀಣ ಮಕ್ಕಳಿಗೆ ಕನಿಷ್ಠ ಶೇ 75ರಷ್ಟು ಸ್ಥಾನ ಮೀಸಲು.

ಈ ಶಾಲೆಗಳ ಕೀರ್ತಿಯನ್ನು ಬರೆದವರೆಲ್ಲ ಒಂದು ಪ್ರಶ್ನೆಯನ್ನು ದಾಟಿ ಹೋದರು. ಹತ್ತು ವರ್ಷದ ಮಕ್ಕಳಲ್ಲಿ ಚುರುಕಾದವರನ್ನೇ ಆರಿಸಿದ ಮೇಲೆ ಫಲಿತಾಂಶದಲ್ಲಿ ಶಾಲೆಯ ಪಾಲೆಷ್ಟು, ಆಯ್ಕೆಯ ಪಾಲೆಷ್ಟು? 2014ರಲ್ಲಿ ಅಬ್ದುಲ್‌ಕಾದಿರೋಗ್ಲು, ಆಂಗ್ರಿಸ್ಟ್, ಪಾಠಕ್ ಮೂವರು ಬಾಸ್ಟನ್ ಮತ್ತು ನ್ಯೂಯಾರ್ಕಿನ ಪರೀಕ್ಷಾ ಶಾಲೆಗಳಲ್ಲಿ ಇದನ್ನು ಶೋಧಿಸಿದರು. ಕಟ್‌ಆಫ್ ಅಂಕದ ಸ್ವಲ್ಪ ಮೇಲೆ ಇದ್ದು ಒಳಗೆ ಬಂದವರಿಗೂ ಸ್ವಲ್ಪ ಕೆಳಗಿದ್ದು ಹೊರಗುಳಿದವರಿಗೂ ನಡುವೆ ಮುಂದಿನ ಸಾಧನೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕೊಡಿಗೇನಹಳ್ಳಿಯನ್ನು ಹೀಗೆ ಪರೀಕ್ಷಿಸಿದರೆ ಉತ್ತರ ಬೇರೆಯೇ ಬರುತ್ತದೆಂದು ನಾನು ನಂಬುತ್ತೇನೆ. ಬಾಸ್ಟನ್ನಿನ ಮಗುವಿಗೆ ಪಕ್ಕದ ಶಾಲೆಯಲ್ಲೂ ಗಣಿತದ ಮೇಷ್ಟ್ರು ಇರುತ್ತಾರೆ. ಬರದ ಸೀಮೆಯಲ್ಲಿ ವಸತಿ ಶಾಲೆ ಕೊಟ್ಟದ್ದು ಊಟ, ದೀಪ, ಮೇಷ್ಟ್ರು ಮೂರನ್ನೂ.

ಮೂರನೆಯ ಘಟ್ಟ: ಓದಿದ ವರ್ಷಗಳನ್ನು ಎಣಿಸುವ ಕಾನೂನು

ನಮ್ಮ ತಲೆಮಾರಿನ ನಿಜವಾದ ಕೆಲಸ ಇಲ್ಲಿ ನಡೆಯಿತು. ಅದು ಪುಸ್ತಕವಾಗಿ ಅಚ್ಚಾಗದೆ ಅರ್ಜಿಗಳಲ್ಲಿ, ಶಿಕ್ಷಕರ ಸಭೆಗಳಲ್ಲಿ, ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಉಳಿದುಹೋಯಿತು.

1973ರ ಆರು ಅಂಶಗಳ ಸೂತ್ರದ ಬೆನ್ನಿಗೆ ಸಂವಿಧಾನದ 32ನೇ ತಿದ್ದುಪಡಿ ಬಂತು, 371ಡಿ ವಿಧಿ ಸೇರಿತು. ಅದರಡಿ ಹೊರಟ 1974ರ ರಾಷ್ಟ್ರಪತಿ ಆದೇಶ ಆಂಧ್ರವನ್ನು ಪ್ರವೇಶದ ಉದ್ದೇಶಕ್ಕೆ ಆಂಧ್ರ, ಉಸ್ಮಾನಿಯಾ, ಶ್ರೀ ವೆಂಕಟೇಶ್ವರ ಎಂದು ಮೂರು ವಿಶ್ವವಿದ್ಯಾಲಯ ಪ್ರದೇಶಗಳಾಗಿ ವಿಂಗಡಿಸಿತು. ಅನಂತಪುರ ಶ್ರೀ ವೆಂಕಟೇಶ್ವರದ ಪಾಲಿಗೆ ಬಂತು. ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ, ಶೇ 15 ಮೀಸಲಿಲ್ಲದ ಪಾಲು. ಸ್ಥಳೀಯ ಯಾರು? ಅರ್ಹತಾ ಪರೀಕ್ಷೆ ಬರೆದ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಪ್ರದೇಶದ ಶಾಲೆ ಕಾಲೇಜುಗಳಲ್ಲಿ ಓದಿದವರು. ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಅರ್ಹತಾ ಪರೀಕ್ಷೆ ಎಂದರೆ ಇಂಟರ್. ಅಂದರೆ ಒಂಬತ್ತು, ಹತ್ತು, ಇಂಟರಿನ ಎರಡು ವರ್ಷ. ಶಾಲೆಗೆ ಹೋದ ಮಗುವಿಗೆ ಮನೆ, ಹೊಲ, ಪಡಿತರ ಚೀಟಿ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆ ಮಾತ್ರ ಬರುತ್ತದೆ.

ಕರ್ನಾಟಕದ ಹಾದಿ ಬೇರೆ. 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ 1994ರಲ್ಲಿ ಸಿಇಟಿ ವ್ಯವಸ್ಥೆ ಬಂತು, 2006ರ ಪ್ರವೇಶ ನಿಯಮಗಳು ಅದಕ್ಕೆ ಚೌಕಟ್ಟು ಹಾಕಿದವು. ಸರ್ಕಾರಿ ಸೀಟಿಗೆ ಮುಖ್ಯ ಅರ್ಹತೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಇದರೊಳಗೆ ಶಾಲೆ ಮತ್ತೆ ಮತ್ತೆ ಎಣಿಕೆಗೆ ಬರುತ್ತದೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಅಲ್ಲಿನ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8.

ಇವೆರಡನ್ನೂ ಅಕ್ಕಪಕ್ಕ ಇಟ್ಟು, ಅಗಳಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹತ್ತನೇ ತರಗತಿವರೆಗೆ ಊರಲ್ಲೇ ಕನ್ನಡ ಮಾಧ್ಯಮ. ಮುಂದೆ ವಿಜ್ಞಾನ ಓದಬೇಕು. ನಂಟರಿರುವುದು ಶಿರಾದಲ್ಲಿ, ಬಸ್ಸಿರುವುದು ಶಿರಾಕ್ಕೆ, ಭಾಷೆಯೂ ಅಲ್ಲಿಯದೇ. ಎರಡು ವರ್ಷ ಶಿರಾದಲ್ಲೋ ತುಮಕೂರಲ್ಲೋ ಪಿಯುಸಿ ಮುಗಿಸುತ್ತಾಳೆ. ಈಗ ಕರ್ನಾಟಕ ಅವಳ ವರ್ಷಗಳನ್ನು ಎಣಿಸಿದರೆ ಸಿಗುವುದು ಎರಡು, ಬೇಕಿರುವುದು ಏಳು. ಆಂಧ್ರ ಎಣಿಸಿದರೆ ಕೊನೆಯ ನಾಲ್ಕರಲ್ಲಿ ಎರಡು ವರ್ಷ ಹೊರಗೆ, ಸ್ಥಳೀಯತೆ ಹೋಯಿತು. ಅವಳಿಗೆ ಉಳಿಯುವುದು ಆಂಧ್ರ ಸರ್ಕಾರದ 1979ರ ಆದೇಶದಂತೆ ಹತ್ತು ವರ್ಷದ ವಾಸ ತೋರಿಸಿ ಶೇ 15ರ ಪಾಲಿನಲ್ಲಿ ಎಲ್ಲರೊಂದಿಗೆ ಸ್ಪರ್ಧಿಸುವುದು. ಇನ್ನು ಎನ್‌ಐಟಿಗಳಿಗೆ ಬಂದರೆ, ಹನ್ನೆರಡನೇ ತರಗತಿ ಪಾಸಾದ ರಾಜ್ಯವೇ ತವರು ರಾಜ್ಯ. ಹಾಗಾಗಿ ಸುರತ್ಕಲ್‌ನ ಶೇ 50ರ ತವರು ಪಾಲಿನಲ್ಲಿ ಅವಳು ಕರ್ನಾಟಕದವಳು. ಹನ್ನೆರಡು ವರ್ಷದ ಒಂದೇ ಓದನ್ನು ಮೂರು ನಿಯಮಗಳು ಮೂರು ರೀತಿ ಓದುತ್ತವೆ. ಕನ್ನಡದಲ್ಲಿ ಓದಿದ್ದರಿಂದ ಅವಳಿಗೆ ಸೀಟು ತಪ್ಪಿತು ಎಂದು ಊರು ಹೇಳುತ್ತದೆ. ತಪ್ಪಿಸಿದ್ದು ಎಣಿಕೆ.

ಇದನ್ನು ಮೊದಲು ಕಂಡವರು ನಮ್ಮ ಗಡಿ ಶಾಲೆಗಳ ಮೇಷ್ಟ್ರುಗಳು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಪೋಷಕರನ್ನು ಕೂರಿಸಿಕೊಂಡು, ಟಿಸಿ ಕಿತ್ತುಕೊಳ್ಳುವ ಮೊದಲು ಯಾವ ಕಡೆ ಹೋದರೆ ಏನು ಹೋಗುತ್ತದೆ ಎಂದು ತಿಳಿಸಿದವರು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳನ್ನು ಜೋಪಾನ ಮಾಡಿ, ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದು ವರ್ಷವೂ ಬಿಟ್ಟುಹೋಗದಂತೆ ಬರೆದುಕೊಟ್ಟವರು. ಕರ್ನಾಟಕದ ನಿಯಮದಲ್ಲಿ ಒಂದು ಕಿಂಡಿ ಇರುವುದನ್ನು ಕಂಡುಕೊಂಡವರೂ ಅವರೇ: ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಕನಿಷ್ಠ ಏಳು ವರ್ಷ ಅಲ್ಲಿ ಓದಿದ್ದರೆ ಅರ್ಹತೆ ಸಿಗುತ್ತದೆ. ಅಗಳಿಗೆ ಸೊಸೆಯಾಗಿ ಬಂದವರಲ್ಲಿ ಶಿರಾ, ಮಧುಗಿರಿ, ಪಾವಗಡ ಕಡೆಯವರು ಎಷ್ಟೋ ಮಂದಿ. ತಾಯಿ ತವರೂರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ ದಾಖಲೆ ಮಗಳ ಎಂಜಿನಿಯರಿಂಗ್ ಸೀಟಿಗೆ ದಾರಿಯಾಗುತ್ತದೆ. ತಾಯಿಯನ್ನು ಐದನೆಯದಕ್ಕೇ ಬಿಡಿಸಿದ್ದರೆ ಆ ದಾರಿ ಮುಚ್ಚಿದಂತೆ. ಹೆಣ್ಣುಮಕ್ಕಳ ಶಿಕ್ಷಣದ ಫಲ ಮುಂದಿನ ತಲೆಮಾರಿಗೆ ಕಾನೂನಿನ ಅಕ್ಷರಶಃ ಅರ್ಥದಲ್ಲಿ ದಾಟುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿದಿಲ್ಲ. ಶಿಕ್ಷಣ ಸಮಾಜಶಾಸ್ತ್ರದ ಗ್ರಂಥಗಳಲ್ಲಿ ಮೇಷ್ಟ್ರುಗಳ ಈ ತಿಳಿವಳಿಕೆಗೆ ಜಾಗ ಸಿಗಬೇಕು. ನಿಯಮವನ್ನು ಹಿಡಿದು ಮಗುವಿನ ದಾರಿಯನ್ನು ಕೊನೆಯವರೆಗೆ ಅನುಸರಿಸುವ ಈ ಕ್ರಮವೇ ನಮ್ಮ ಕ್ಷೇತ್ರದ ಅತ್ಯುತ್ತಮ ವಿಧಾನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಡಿನಾಡು ಎಂಬ ಪಟ್ಟಿ

ಕರ್ನಾಟಕದ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಉಂಟು. ಅಲ್ಲಿ ಹೆಸರಿಸಿರುವ ತಾಲ್ಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ. ಮಡಕಶಿರಾ, ರಾಯದುರ್ಗ, ಆದವಾನಿ, ಆಲೂರು ಆ ಸಾಲಿನಲ್ಲಿಲ್ಲ. ಕಾರಣ ಇತಿಹಾಸದಲ್ಲಿದೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಮುಂದಿದ್ದದ್ದು ಮೈಸೂರು, ಮಹಾರಾಷ್ಟ್ರ, ಕೇರಳಗಳ ಗಡಿ. ಆಂಧ್ರ ಅದರಲ್ಲಿ ಸೇರಿರಲಿಲ್ಲ. ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಹೊಸ ಆಂಧ್ರ ರಾಜ್ಯಕ್ಕೆ ಹೋದಾಗ ಆ ಅಧ್ಯಾಯ ಮುಗಿಯಿತೆಂದು ಭಾವಿಸಲಾಯಿತು. ವಿವಾದವಿದ್ದ ತಾಲ್ಲೂಕುಗಳ ಪಟ್ಟಿಯೇ ಕನ್ನಡದ ತಾಲ್ಲೂಕುಗಳ ಪಟ್ಟಿಯೂ ಆಯಿತು. ಜಗಳವಾಡದೆ ಶಾಂತವಾಗಿದ್ದದ್ದಕ್ಕೆ ನಮ್ಮ ಮಕ್ಕಳು ತೆತ್ತ ಬೆಲೆ ಇದು.

ಹೊರನಾಡ ಕನ್ನಡಿಗರೆಂಬ ಇನ್ನೊಂದು ಬಾಗಿಲಿದೆ. ಹೊರನಾಡು, ಗಡಿನಾಡು ಎರಡೂ ವರ್ಗದವರಿಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಆದರೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ನೆರೆಯಲ್ಲಿ, ಹತ್ತು ವರ್ಷ ಕನ್ನಡದಲ್ಲೇ ವಿಜ್ಞಾನ, ಗಣಿತ ಓದಿದ ಮಗುವನ್ನು ನಾಡು ಬಿಟ್ಟು ಹೋದವರ ಸಾಲಿನಲ್ಲಿ ನಿಲ್ಲಿಸುವುದು ಸರಿಯಾದ ವರ್ಗೀಕರಣವಲ್ಲ.

ನಾಲ್ಕನೆಯ ಘಟ್ಟ: ಶಾಲೆಗೇ ತೂಕ ಕೊಡುವ ಪ್ರಯತ್ನಗಳು

ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೇ ಪ್ರವೇಶದಲ್ಲಿ ತೂಕ ಕೊಡಬಹುದೇ? ಸುಪ್ರೀಂ ಕೋರ್ಟು ಮೊದಲು ಒಪ್ಪಲಿಲ್ಲ. ಉತ್ತರ ಪ್ರದೇಶದ ಗ್ರಾಮೀಣ ಮೀಸಲಾತಿಯನ್ನು ಪ್ರದೀಪ್ ಟಂಡನ್ ಪ್ರಕರಣ ತಳ್ಳಿಹಾಕಿತು. 1984ರ ಸುನೀಲ್ ಜಾಟ್ಲಿ ಪ್ರಕರಣದಲ್ಲಿ ಹರಿಯಾಣ, ಒಂದರಿಂದ ಎಂಟರವರೆಗೆ ಸಾಮಾನ್ಯ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ರೋಹ್ಟಕ್ ವೈದ್ಯಕೀಯ ಕಾಲೇಜಿನಲ್ಲಿ ಮೀಸಲಿಟ್ಟಿದ್ದ 25 ಸೀಟುಗಳೂ ಬಿದ್ದವು. ಎಂಟರ ನಂತರ ಎಲ್ಲರೂ ಒಂದೇ ಪಠ್ಯ ಓದುತ್ತಾರೆ, ಹಿಂದಿನ ಕೊರತೆ ಅಷ್ಟರಲ್ಲಿ ತುಂಬಿರುತ್ತದೆ ಎಂಬ ದಿಕ್ಕಿನಲ್ಲಿ ವಾದ ಸಾಗಿತ್ತು. ತರಗತಿಯಲ್ಲಿ ನಿಂತು ಪಾಠ ಮಾಡಿದವರು ಈ ಮಾತನ್ನು ಒಪ್ಪಲಾರರು. ಭಿನ್ನರಾಶಿ ತಿಳಿಯದ ಮಗು ಒಂಬತ್ತಕ್ಕೆ ಬಂದಾಗ ಬೀಜಗಣಿತ ತಾನಾಗಿ ತಿಳಿಯುವುದಿಲ್ಲ.

ಆದ್ದರಿಂದಲೇ 2008ರಲ್ಲಿ ಆಂಧ್ರದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ತ್ರಿಬಲ್ ಐಟಿ, ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮಹತ್ವದ ಪ್ರಯೋಗ. ನೂಜಿವೀಡು, ಇಡುಪುಲಪಾಯ, ಬಾಸರಗಳಲ್ಲಿ ಆರಂಭವಾದ ಈ ಸಂಸ್ಥೆ ಹತ್ತನೇ ತರಗತಿಯ ಅಂಕದ ಮೇಲೆಯೇ ಮಕ್ಕಳನ್ನು ತೆಗೆದುಕೊಂಡು ಆರು ವರ್ಷ ಓದಿಸಿ ಬಿ.ಟೆಕ್ ಕೊಡುತ್ತದೆ. ವಸತಿರಹಿತ ಸರ್ಕಾರಿ ಶಾಲೆಯಲ್ಲಿ ಓದಿದವರ ಹತ್ತು ಅಂಶದ ಗ್ರೇಡಿಗೆ 0.4 ಸೇರಿಸುವ ಪದ್ಧತಿ ತಂದಿತು. ಗಡಿಯ ಮಕ್ಕಳಿಗೆ ಇದರಿಂದ ಎರಡು ಲಾಭ. ಅವರ ಶಾಲೆಯ ಕೊರತೆಗೆ ತೂಕ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಗಡಿ ದಾಟುವ ಮೊದಲೇ, ಊರ ಶಾಲೆಯ ಲೆಕ್ಕ ಇನ್ನೂ ಅವರ ಕಡೆ ಇರುವಾಗಲೇ ಆಯ್ಕೆ ನಡೆಯಿತು. ಹತ್ತರ ನಂತರದ ಪಾಲಿಸೆಟ್ ಪರೀಕ್ಷೆಯಲ್ಲೂ ಇದೇ ಅನುಕೂಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಆರರಿಂದ ಹನ್ನೆರಡರವರೆಗೆ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯದಲ್ಲಿ ಶೇ 7.5 ಸ್ಥಾನ ಕೊಟ್ಟಿತು, 2022ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಜಾಟ್ಲಿ ತೀರ್ಪಿನ ಕಾಲದಿಂದ ನ್ಯಾಯಾಲಯದ ಕಣ್ಣೂ ಬದಲಾಗಿದೆ.

ಇತ್ತೀಚಿನ ದಿನಗಳು: ನೀಟ್, ಕೋಚಿಂಗ್, ಅಂಕಿಅಂಶ

ವಿಜಯವಾಡ, ನೆಲ್ಲೂರುಗಳಿಂದ ಹಬ್ಬಿದ ಕಾರ್ಪೊರೇಟ್ ಕಾಲೇಜುಗಳು ಇಂಟರ್ ಅನ್ನೇ ಪ್ರವೇಶ ಪರೀಕ್ಷೆಯ ತರಬೇತಿಯಾಗಿ ಮಾಡಿದವು. ಅವುಗಳ ರ್‍ಯಾಂಕಿನ ಜಾಹೀರಾತುಗಳನ್ನು ಸಂಶೋಧನೆಯೆಂದು ತಿಳಿಯುವ ಗೊಂದಲ ಇಂದಿಗೂ ಇದೆ. ಎಷ್ಟು ಮಕ್ಕಳು ಸೇರಿದರು ಎಂಬುದನ್ನು ಹೇಳದ ಜಾಹೀರಾತಿನಿಂದ ಏನನ್ನೂ ತೀರ್ಮಾನಿಸಲಾಗದು.

ನೀಟ್ 2017ರಿಂದ ಕನ್ನಡದಲ್ಲೂ ನಡೆಯುತ್ತಿದೆ, ಜೆಇಇ ಮುಖ್ಯ ಪರೀಕ್ಷೆ 2021ರಿಂದ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಆಂಧ್ರದ, ಹಿಂದೆ ಎಂಸೆಟ್ ಎನ್ನುತ್ತಿದ್ದ, ಇಎಪಿಸೆಟ್‌ನಲ್ಲಿ ಇಂಗ್ಲಿಷ್, ತೆಲುಗು, ಉರ್ದು ಉಂಟು, ಕನ್ನಡವಿಲ್ಲ. ಕನ್ನಡದಲ್ಲಿ ಎಸ್‌ಎಸ್‌ಸಿ ಪರೀಕ್ಷೆ ನಡೆಸುವ ರಾಜ್ಯ ಎರಡು ವರ್ಷದ ನಂತರ ಅದೇ ಮಗುವಿಗೆ ಆ ಭಾಷೆಯನ್ನು ನಿರಾಕರಿಸುತ್ತದೆ. ಕನ್ನಡ ಮಾಧ್ಯಮ ಹಿಂದುಳಿಸಿತು ಎನ್ನುವವರು ಇದನ್ನು ಗಮನಿಸಬೇಕು: ಹಿಂದುಳಿಸಿದ್ದು ಮಾಧ್ಯಮವನ್ನು ನಡುದಾರಿಯಲ್ಲಿ ಕೈಬಿಟ್ಟದ್ದು.

ವಿದ್ವಾಂಸರ ಕಡೆ ನೋಡಿದರೆ, 2006ರಲ್ಲಿ ಸತೀಶ್ ದೇಶಪಾಂಡೆ ಮತ್ತು ಯೋಗೇಂದ್ರ ಯಾದವ್ ಜಾತಿ, ಲಿಂಗ, ಪ್ರದೇಶಗಳ ಜೊತೆಗೆ ಓದಿದ ಶಾಲೆಯ ಬಗೆಗೂ ಅಂಕ ಕೊಡುವ ಸೂಚ್ಯಂಕವನ್ನು ಮುಂದಿಟ್ಟರು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಹಿಂದುಳಿದ ಜಿಲ್ಲೆಯವರಿಗೆ ಹೆಚ್ಚುವರಿ ಅಂಕ ಕೊಡುವ ಕ್ರಮವನ್ನು ವರ್ಷಗಟ್ಟಲೆ ನಡೆಸಿತ್ತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು: ಲಾಟರಿಯಲ್ಲಿ ಖಾಸಗಿ ಶಾಲೆ ಸೇರಿದ ಮಕ್ಕಳು ತೆಲುಗು, ಗಣಿತಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಮುಂದೆ ಹೋಗಲಿಲ್ಲ, ಹಿಂದಿಯಲ್ಲಿ ಮಾತ್ರ ಮುಂದಿದ್ದರು. ಶುಲ್ಕಕ್ಕಾಗಿ ಹೊಲ ಮಾರುವ ಪ್ರತಿ ಪೋಷಕರಿಗೂ ಈ ಫಲಿತಾಂಶವನ್ನು ಓದಿ ಹೇಳಬೇಕು. 2002ರಲ್ಲಿ ಆರಂಭವಾದ ಯಂಗ್ ಲೈವ್ಸ್ ಅಧ್ಯಯನ ಅನಂತಪುರವೂ ಸೇರಿದಂತೆ ಆಂಧ್ರದ ಜಿಲ್ಲೆಗಳ 3,000 ಮಕ್ಕಳನ್ನು ಬಾಲ್ಯದಿಂದ ಯೌವನದವರೆಗೆ ಹಿಂಬಾಲಿಸಿದೆ. ಬಡತನ, ಬರ, ಶಾಲೆ ಬಿಡುವುದು ಇವುಗಳ ಬಗ್ಗೆ ಅದರಿಂದ ತಿಳಿದದ್ದು ಅಪಾರ.

ಆದರೂ ಈ ಎಲ್ಲ ಅಧ್ಯಯನಗಳಿಗೆ ರಾಜ್ಯದ ಗಡಿಯೇ ಅಂಚು. ಆಂಧ್ರದ ಅಧ್ಯಯನ ತೆಲುಗು ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎಂದು ಹೋಲಿಸುತ್ತದೆ. ಕರ್ನಾಟಕದ ಅಧ್ಯಯನ ಕರ್ನಾಟಕದ ಶಾಲೆಗಳಲ್ಲಿ ಮುಗಿಯುತ್ತದೆ. ಆಂಧ್ರದಲ್ಲಿ ಹತ್ತು ವರ್ಷ ಕನ್ನಡದಲ್ಲಿ ಓದಿ ಕರ್ನಾಟಕದಲ್ಲಿ ಪಿಯುಸಿ ಮಾಡುವ ಮಗು ಎರಡರಲ್ಲೂ ಬಿಟ್ಟುಹೋಗುತ್ತದೆ. ಎಣಿಕೆಗೇ ಬಾರದ ಮಕ್ಕಳ ಸೋಲಿಗೆ ಎಲ್ಲರೂ ತಮಗೆ ತೋಚಿದ ಕಾರಣ ಹೇಳಬಹುದು; ಹಾಗೆ ಹೇಳಿದ್ದರಿಂದಲೇ ಕನ್ನಡ ಶಾಲೆಯ ಮೇಲೆ ಅಪವಾದ ಬಂತು.

ಆಗಬೇಕಾದದ್ದು

ಮುಂದಿನ ಸಂಶೋಧಕರು ಮೊದಲು ಕೈಹಾಕಬೇಕಾದ ಕೆಲಸ ಸ್ಪಷ್ಟವಾಗಿದೆ. ಮಡಕಶಿರಾ ಮತ್ತು ರಾಯದುರ್ಗ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಹಿಡಿದು, ಪ್ರತಿ ಮಗು ಹತ್ತರ ನಂತರ ಯಾವ ಕಡೆ ಹೋಯಿತು, ಯಾವ ನಿಯಮ ಅದನ್ನು ಒಳಗೆ ಬಿಟ್ಟಿತು, ಯಾವುದು ತಡೆಯಿತು ಎಂದು ದಾಖಲಿಸಬೇಕು. ಎರಡೂ ರಾಜ್ಯಗಳ ಪ್ರವೇಶ ಪ್ರಾಧಿಕಾರಗಳು ಸೀಟು ಪಡೆದವರ ಹತ್ತನೇ ತರಗತಿಯ ಶಾಲೆಯನ್ನು, ಹೆಸರು ಬಿಟ್ಟು, ಪ್ರತಿ ವರ್ಷ ಪ್ರಕಟಿಸಬೇಕು.

ಸರ್ಕಾರಗಳು ಸಂಶೋಧನೆಗೆ ಕಾಯಬೇಕಿಲ್ಲ. ಗಡಿ ಮಂಡಲಗಳ ಭಾಷಾ ಅಲ್ಪಸಂಖ್ಯಾತ ಶಾಲೆಯಲ್ಲಿ ಹತ್ತು ವರ್ಷ ಓದಿದವರಿಗೆ ಆಂಧ್ರದ ಸ್ಥಳೀಯತೆ, ಅವರು ಇಂಟರ್ ಎಲ್ಲಿಯೇ ಓದಲಿ, ಉಳಿಯುವಂತೆ 1974ರ ಆದೇಶಕ್ಕೆ ತಿದ್ದುಪಡಿ ಕೇಳುವುದು ಆಂಧ್ರ ಸರ್ಕಾರದ ಕೆಲಸ. ಗಡಿನಾಡಿನ ಪಟ್ಟಿಗೆ ಮಡಕಶಿರಾ, ರಾಯದುರ್ಗ, ಆದವಾನಿ, ಆಲೂರುಗಳನ್ನು ಸೇರಿಸಿ, ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವರ್ಷಗಳನ್ನು ಏಳು ವರ್ಷದ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕರ್ನಾಟಕದ ಕೆಲಸ. ಅನಂತಪುರ, ಹಿಂದೂಪುರದ ಕೇಂದ್ರಗಳಿಗೆ ಕನ್ನಡದ ಪ್ರಶ್ನೆಪತ್ರಿಕೆ ಕಳಿಸುವುದು ಕೇಂದ್ರದ ಪರೀಕ್ಷಾ ಸಂಸ್ಥೆಯ ಕೆಲಸ. ಇವು ಮೂರೂ ಹೊಸ ಕಟ್ಟಡ, ಹೊಸ ಹಣ ಬೇಡದ ತಿದ್ದುಪಡಿಗಳು.

ಇಷ್ಟು ಮಾಡಿದ ಮೇಲೂ ಅಗಳಿಯ ಮಕ್ಕಳು ಹಿಂದೆ ಬಿದ್ದರೆ ಶಾಲೆಯ ಕಲಿಕೆಯನ್ನು ಪ್ರಶ್ನಿಸೋಣ, ಮೇಷ್ಟ್ರುಗಳನ್ನು ಪ್ರಶ್ನಿಸೋಣ, ನಾನು ಮೊದಲು ನಿಂತು ಉತ್ತರ ಕೊಡುತ್ತೇನೆ. ಅಲ್ಲಿಯವರೆಗೆ ಕನ್ನಡ ಶಾಲೆ ಮುಚ್ಚಬೇಕೆನ್ನುವವರ ಕೈಯಲ್ಲಿ ಆಧಾರವಿಲ್ಲ.